ಹಲ್ಲಿನ ಗುರುತು

ಹಳೆಯದನ್ನು ಕತ್ತರಿಸಿ, ತಿದ್ದಿ, ಇನ್ನೊಂದಕ್ಕೆ ಒಗ್ಗಿಸುವ ವಿದ್ಯೆಯನ್ನು ನಮ್ಮ ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ. ಉಟ್ಟು ಸವೆದ ಸೀರೆ ಮೊದಲು ಮಗಳ ಲಂಗವಾಗುತ್ತದೆ, ಆಮೇಲೆ ಕೌದಿಯ ಒಂದು ಪದರವಾಗುತ್ತದೆ, ಕೊನೆಗೆ ಒಲೆಯಿಂದ ಪಾತ್ರೆ ಇಳಿಸುವ ಮಸಿಬಟ್ಟೆಯಾಗಿ ಆಯುಸ್ಸು ಮುಗಿಸುತ್ತದೆ. ಇದಕ್ಕೆ ಯಾರೂ ಹವ್ಯಾಸ ಎಂದು ಹೆಸರಿಡಲಿಲ್ಲ. ಅದೇ ಕೆಲಸವನ್ನು ಗಂಡಸರು ಹಿತ್ತಲ ಕೋಣೆಯಲ್ಲಿ ಅರ, ಉಪ್ಪುಕಾಗದ ಇಟ್ಟುಕೊಂಡು ಮಾಡಿದರೆ ಮಾತ್ರ ಅದು ಹವ್ಯಾಸ!

ಅಂಥದೊಂದು ಹವ್ಯಾಸ ನನ್ನ ಸೋದರಮಾವನದು. ತಂಬಾಕು ಸೇದುವ ಹಳೆಯ ಪೈಪುಗಳನ್ನು ಕೆರೆದು, ತೊಳೆದು, ಉಜ್ಜಿ, ಬೇಕಾದರೆ ಆಕಾರವನ್ನೇ ಬದಲಿಸಿ ಹೊಸದು ಮಾಡುವುದು. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು ಅವರು. ಒಂದು ಕಾಲಕ್ಕೆ ತಾವೂ ಸೇದುತ್ತಿದ್ದರು. ಡಾಕ್ಟರು ಕಣ್ಣು ಕೆಂಪಗೆ ಮಾಡಿದ ಮೇಲೆ ತಂಬಾಕಿನ ಡಬ್ಬಿ ತಿಪ್ಪೆ ಸೇರಿತು. ಪೈಪುಗಳು ಮಾತ್ರ ಮನೆಯಲ್ಲೇ ಉಳಿದವು. “ಸೇದೋದು ಬಿಟ್ಟರು, ಉಜ್ಜೋದು ಹಿಡಿದರು. ಉಜ್ಜೋದೇ ಆದರೆ ನಮ್ಮನೇಲಿ ಪಾತ್ರೆ ಬೇಕಾದಷ್ಟಿತ್ತು” ಎಂದು ಅತ್ತೆ ನಗುತ್ತಾರೆ. ಅತ್ತೆಯ ಹಳೆಯ ಹೊಲಿಗೆ ಯಂತ್ರದ ಮೋಟಾರು ಈಗ ಮಾವನ ಮೇಜಿನ ಮೇಲೆ ಹೊಳಪು ಕೊಡುವ ಬಟ್ಟೆಯ ಚಕ್ರವನ್ನು ತಿರುಗಿಸುತ್ತದೆ.

ತಂಬಾಕಿನ ವಾಸನೆ ಕಂಡರೆ ನನಗಾಗದು. ಆದರೂ ಊರಿಗೆ ಹೋದಾಗಲೆಲ್ಲ ಆ ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತೇನೆ. ಕೈಕೆಲಸ ಯಾವುದಾದರೂ ನೋಡಲು ಚೆಂದ. ಪೈಪಿನಲ್ಲಿ ಮುಖ್ಯವಾಗಿ ಎರಡು ಭಾಗ. ತಂಬಾಕು ತುಂಬುವ ಮರದ ಬಟ್ಟಲು ಒಂದು, ಹಲ್ಲಲ್ಲಿ ಕಚ್ಚಿಕೊಳ್ಳುವ ಕರಿಯ ಕೊಳವೆ ಇನ್ನೊಂದು. ವರ್ಷಗಟ್ಟಲೆ ಸೇದಿದ ಬಟ್ಟಲಿನ ಒಳಮೈಗೆ ಇದ್ದಿಲಿನ ಕಿಟ್ಟ ಕಟ್ಟಿರುತ್ತದೆ. ತೆಳುವಾಗಿದ್ದರೆ ಅದು ಮರವನ್ನು ಬೆಂಕಿಯಿಂದ ಕಾಯುತ್ತದೆ. ದಪ್ಪವಾದರೆ ಕಾವಿಗೆ ಹಿಗ್ಗಿ ಬಟ್ಟಲನ್ನೇ ಸೀಳುತ್ತದೆ. ಅದನ್ನು ಹೆರೆದು ತೆಗೆದು, ಬಟ್ಟಲಿಗೆ ಅಡಿಗೆ ಉಪ್ಪು ತುಂಬಿ, ಮೇಲೆ ಸ್ಪಿರಿಟ್ ಸುರಿದು ರಾತ್ರಿಯಿಡೀ ಬಿಡುತ್ತಾರೆ. ಬೆಳಗಾಗುವಷ್ಟರಲ್ಲಿ ಬಿಳಿಯ ಉಪ್ಪು ಕಾಫಿಯ ಗಸಿಯಂತೆ ಕಂದಾಗಿರುತ್ತದೆ. ಮರದೊಳಗೆ ಇಳಿದಿದ್ದ ಹೊಗೆಯ ಜಿಡ್ಡನ್ನೆಲ್ಲ ಅದು ಹೀರಿಕೊಂಡಿರುತ್ತದೆ. ಉಪ್ಪಿಗಿಂತ ರುಚಿಯಿಲ್ಲ ಎನ್ನುತ್ತೇವೆ. ಉಪ್ಪಿಗಿಂತ ದೊಡ್ಡ ಅಗಸರವನೂ ಇಲ್ಲವೆಂದು ನನಗೆ ಗೊತ್ತಾದದ್ದು ಅಲ್ಲಿ.

ಬಟ್ಟಲಿನ ಅಂಚು ಸುಟ್ಟು ಕರಿಕಾಗಿದ್ದರೆ ಗಾಜಿನ ಹಲಗೆಯ ಮೇಲೆ ಉಪ್ಪುಕಾಗದ ಹಾಸಿ, ಬಟ್ಟಲನ್ನು ಬೋರಲಾಗಿ ಹಿಡಿದು ಸುತ್ತಸುತ್ತ ಉಜ್ಜುವುದು. ಸುಟ್ಟದ್ದು ತೀರ ಆಳಕ್ಕಿಳಿದಿದ್ದರೆ ಆಗ ಆಕಾರ ಬದಲಿಸುವ ಪ್ರಸಂಗ ಬರುತ್ತದೆ. ಎತ್ತರದ ನೇರ ಬಟ್ಟಲಿಗೆ ‘ಬಿಲಿಯರ್ಡ್’ ಎಂದು ಹೆಸರು. ಅದರ ತಲೆಯನ್ನು ಅರ್ಧ ಬೆರಳು ಇಳಿಸಿದರೆ ಗಿಡ್ಡನೆಯ ‘ಪಾಟ್’ ಆಗುತ್ತದೆ. ಹೊರಮೈಯ ಮೂಲೆಗಳನ್ನು ಅರದಿಂದ ಸವರಿ ಉರುಟು ಮಾಡಿದರೆ ‘ಆಪಲ್’. ನೇರ ಕೊಳವೆಯನ್ನು ಬಗ್ಗಿಸಬೇಕಾದರೆ ಒಳಗಿನ ಗಾಳಿದಾರಿ ಮುಚ್ಚಿಹೋಗದಂತೆ ತಂತಿ ತೂರಿಸಿ, ಬಿಸಿ ಮರಳಿನಲ್ಲಿ ಹೂತು ಮೆತ್ತಗಾದ ಮೇಲೆ ಬಗ್ಗಿಸುತ್ತಾರೆ. “ಇಲ್ಲಿ ಸೇರಿಸೋಕೆ ಬರಲ್ಲ ಕಣಮ್ಮ, ತೆಗೆಯೋಕೆ ಮಾತ್ರ ಬರುತ್ತೆ” ಎನ್ನುತ್ತಾರೆ ಮಾವ. “ನಿಮ್ಮ ಹೊಲಿಗೇಲಾದರೆ ತುಂಡಾದದ್ದಕ್ಕೆ ತೇಪೆ ಹಾಕಬಹುದು. ಇಲ್ಲಿ ಒಂದು ಕೂದಲೆಳೆ ಜಾಸ್ತಿ ಹೋದರೂ ಹೋಯಿತು.”

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಹಾಗಾದರೆ ಹೊಸದು ಮಾಡುವುದೆಂದರೆ ಯಾವುದನ್ನೋ ತೆಗೆದುಹಾಕುವುದು. ತೆಗೆದುಹಾಕುವ ಆ ‘ಯಾವುದೋ’ ಏನು? ಅದನ್ನು ತಿಳಿಯಲೆಂದೇ ಪೈಪಿನ ಚರಿತ್ರೆಯನ್ನು ಹುಡುಕಿಕೊಂಡು ಹೋದೆ.

ಮಾವನ ಮೇಜಿನ ಮೇಲಿರುವ ಮರ ನಮ್ಮ ನೆಲದ್ದಲ್ಲ. ಮೆಡಿಟರೇನಿಯನ್ ಸಮುದ್ರದ ಸುತ್ತಿನ ಒಣಗುಡ್ಡಗಳಲ್ಲಿ, ಕಾರ್ಸಿಕಾದಲ್ಲಿ, ಅಲ್ಜೀರಿಯಾದಲ್ಲಿ, ಇಟಲಿಯ ತೆಂಕಣದಲ್ಲಿ ಬಿಳಿಯ ಹೂ ಬಿಡುವ ಒಂದು ಪೊದೆ ಬೆಳೆಯುತ್ತದೆ. ಫ್ರೆಂಚರು ಅದನ್ನು ‘ಬ್ರುಯೇರ್’ ಎನ್ನುತ್ತಾರೆ. ಇಂಗ್ಲಿಷರ ಬಾಯಲ್ಲಿ ಅದು ‘ಬ್ರಯರ್’ ಆಯಿತು. ಪೈಪಾಗುವುದು ಅದರ ಕಾಂಡವಲ್ಲ, ಬೇರು ಮತ್ತು ಕಾಂಡದ ನಡುವೆ ನೆಲದಡಿಯಲ್ಲಿ ಉಬ್ಬಿಕೊಂಡ ಗಂಟು. ಆ ಗಂಟು ಕೆಲಸಕ್ಕೆ ಬರುವಷ್ಟು ದೊಡ್ಡದಾಗಲು 30 ವರ್ಷವಾದರೂ ಬೇಕು. ಅಗೆದು ತಂದು, ಒಣಗಿ ಸೀಳದಂತೆ ತೇವದಲ್ಲಿಟ್ಟು, ತುಂಡು ಮಾಡಿ, ಹಂಡೆಗಳಲ್ಲಿ ಗಂಟೆಗಟ್ಟಲೆ ಕುದಿಸಿ ಒಗರನ್ನು ಹೊರಹಾಕಿ, ತಿಂಗಳುಗಟ್ಟಲೆ ನೆರಳಲ್ಲಿ ಒಣಗಿಸುತ್ತಾರೆ. ಇಷ್ಟೆಲ್ಲ ಆದ ಮೇಲೆ ಅದು ಕೆಂಡವನ್ನು ಮಡಿಲಲ್ಲಿಟ್ಟುಕೊಂಡರೂ ಹತ್ತಿ ಉರಿಯದ ಮರವಾಗುತ್ತದೆ.

ಈ ಮರಕ್ಕೆ ಹೆಸರು ತಂದ ಊರು ಫ್ರಾನ್ಸಿನ ಜೂರಾ ಬೆಟ್ಟಗಳಲ್ಲಿರುವ ಸೇಂಟ್ ಕ್ಲೋದ್. ಅದು ಮೊದಲಿಗೆ ಯಾತ್ರಾಸ್ಥಳ. ಸಂತ ಕ್ಲೋದನ ದರ್ಶನಕ್ಕೆ ಬರುವ ಭಕ್ತರಿಗೆ ಜಪಮಾಲೆ, ಮರದ ಡಬ್ಬಿ, ಆಟಿಕೆ ಕಡೆದು ಮಾರುವುದು ಅಲ್ಲಿಯ ಜನರ ಕಸುಬು. ನಮ್ಮ ಚನ್ನಪಟ್ಟಣದವರಂತೆ ತಿರುಗಣೆಯ ಮೇಲೆ ಪಳಗಿದ ಕೈಗಳು. 1850ರ ದಶಕದಲ್ಲಿ ಬ್ರುಯೇರ್ ಗಂಟು ಆ ಕೈಗಳಿಗೆ ಸಿಕ್ಕಿತು. ಕೆಲವೇ ದಶಕಗಳಲ್ಲಿ ಊರಿಗೆ ಊರೇ ಪೈಪಿನ ಕಾರ್ಖಾನೆಯಾಯಿತು. ಕಡೆಯುವವರು ಗಂಡಸರು. ಕೊನೆಯ ಹೊಳಪು ಕೊಡುವ ಸಾಲಿನಲ್ಲಿ, ತಿರುಗುವ ಬಟ್ಟೆಯ ಚಕ್ರಗಳ ಮುಂದೆ, ಧೂಳಿನಲ್ಲಿ ಕೂತವರು ಹೆಂಗಸರು. ಅವರ ಕೆಲಸಕ್ಕೆ ಫ್ರೆಂಚಿನಲ್ಲಿ ಸ್ತ್ರೀಲಿಂಗದ ಹೆಸರೇ ಇತ್ತು. ಗಂಡಸಿನ ಗತ್ತಿನ ಗುರುತೆಂದು ನಾವು ತಿಳಿದ ಪೈಪು ಅಂಗಡಿಗೆ ಹೊರಡುವ ಮುನ್ನ ಹೆಣ್ಣಿನ ಕೈ ದಾಟಿಯೇ ಹೋಗುತ್ತಿತ್ತು.

ಕಚ್ಚುವ ಕರಿಯ ಕೊಳವೆಯ ಕಥೆ ಬೇರೆ. ಅದು ರಬ್ಬರು. ಚಾರ್ಲ್ಸ್ ಗುಡ್‌ಇಯರ್ ಎಂಬಾತ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿ ಗಟ್ಟಿಗೊಳಿಸುವ ಕ್ರಮಕ್ಕೆ 1844ರಲ್ಲಿ ಅಮೆರಿಕದಲ್ಲಿ ಹಕ್ಕುಪತ್ರ ಪಡೆದ. ಗಂಧಕವನ್ನು ಇನ್ನೂ ಹೆಚ್ಚಿಸಿದರೆ ರಬ್ಬರು ಕರಿಮರದಂತೆ ಬಿರುಸಾಗುತ್ತದೆ. ಅದರ ಹಕ್ಕುಪತ್ರ 1851ರಲ್ಲಿ ಅವನ ತಮ್ಮ ನೆಲ್ಸನ್‌ಗೆ ಸಿಕ್ಕಿತು. ಹಳೆಯ ಪೈಪಿನ ಕೊಳವೆ ಬಿಸಿಲು ಗಾಳಿಗೆ ಹಸಿರುಗಂದು ಬಣ್ಣಕ್ಕೆ ತಿರುಗಿ, ಉಜ್ಜಿದಾಗ ಕೊಳೆತ ಮೊಟ್ಟೆಯಂತೆ ನಾರುವುದು ಈ ಗಂಧಕದಿಂದಲೇ. ಈ ರಬ್ಬರಿಗೆ ಇನ್ನೊಂದು ಗುಣವಿದೆ. ಅದು ಮೊದಲ ಆಕಾರವನ್ನು ಮರೆಯುವುದಿಲ್ಲ. ವರ್ಷಗಟ್ಟಲೆ ಕಚ್ಚಿ ಕಚ್ಚಿ ಬಿದ್ದ ಹಲ್ಲಿನ ಗುಳಿಯನ್ನು ದೀಪದ ಕಾವಿಗೆ ಹುಷಾರಾಗಿ ಹಿಡಿದರೆ ತಾನೇ ಅರ್ಧದಷ್ಟು ಮೇಲೆದ್ದು ಬರುತ್ತದೆ. ಮೊದಲ ಸಲ ಕಂಡಾಗ ನನಗೆ ಮೈ ಜುಮ್ಮೆಂದಿತ್ತು.

ಮರದ ಪೈಪಿಗಿಂತ ಹಳೆಯದು ಹೊಗೆಯ ಕಥೆ. ಹೊಗೆಸೊಪ್ಪು ಅಮೆರಿಕದ ಗಿಡ. 1560ರಲ್ಲಿ ಲಿಸ್ಬನ್ನಿನಲ್ಲಿದ್ದ ಫ್ರೆಂಚ್ ರಾಯಭಾರಿ ಜಾನ್ ನಿಕೋ ಅದನ್ನು ರಾಣಿ ಕ್ಯಾಥರೀನ್‌ಗೆ ಔಷಧಿಯೆಂದು ಕಳಿಸಿದ. ನಿಕೋಟಿನ್ ಎಂಬ ಹೆಸರಿನಲ್ಲಿ ಆತ ಇಂದಿಗೂ ಬದುಕಿದ್ದಾನೆ. ಪೋರ್ಚುಗೀಸರ ಹಡಗುಗಳಲ್ಲಿ ಅದು ನಮ್ಮ ಪಶ್ಚಿಮ ಕರಾವಳಿಗೆ ಬಂತು. ಉತ್ತರದ ಮೊಗಲರ ಆಸ್ಥಾನಕ್ಕೆ ಅದು ಹೋದದ್ದು ನಮ್ಮ ಬಿಜಾಪುರದಿಂದ! ಅಕ್ಬರನ ದೂತ ಅಸದ್ ಬೇಗ್ ಬಿಜಾಪುರದ ಆದಿಲ್‌ಶಾಹಿಗಳಲ್ಲಿಗೆ ಬಂದವನು 1604ರ ಸುಮಾರಿಗೆ ಮರಳುವಾಗ ತಂಬಾಕನ್ನೂ ರತ್ನಖಚಿತ ಕೊಳವೆಯನ್ನೂ ಒಯ್ದು ಬಾದಶಹನ ಮುಂದಿಟ್ಟ. ಬಾದಶಹ ಒಂದೆರಡು ದಮ್ಮು ಎಳೆದ, ಹಕೀಮರು ಬೇಡವೆಂದರು. ದರ್ಬಾರಿಗಳು ಮಾತ್ರ ಬಿಡಲಿಲ್ಲ. 1617ರಲ್ಲಿ ಜಹಾಂಗೀರ್ ನಿಷೇಧಿಸಿದರೂ ಚಟ ನಿಲ್ಲಲಿಲ್ಲ. ಗುಡಿಗುಡಿಗೆ ಬೀದರಿನ ಕುಶಲಕರ್ಮಿಗಳು ಕರಿಯ ಲೋಹದ ಮೇಲೆ ಬೆಳ್ಳಿ ಕೂರಿಸಿದ ಬುರುಡೆಗಳನ್ನು ಮಾಡಿದರು. ಲಂಡನ್ನಿನ ವಸ್ತುಸಂಗ್ರಹಾಲಯದವರೆಗೆ ಹೋಗಿ ಕೂತಿವೆ ಅವು. ಹಳೆಯ ಬುರುಡೆ ಕೈಗೆ ಸಿಕ್ಕವರು ಕೆಲವರು ಅದಕ್ಕೆ ಹೂವು ಇಟ್ಟು ಹೂದಾನಿ ಮಾಡಿಕೊಂಡರು. ಅದೂ ತಿದ್ದುವ ಒಂದು ಬಗೆ. ಅರ ಮುಟ್ಟಿಸದೆ, ಕೆಲಸ ಮಾತ್ರ ಬದಲಿಸುವುದು.

ಇತ್ತ ಇಂಗ್ಲೆಂಡಿನ ಬಡವರಿಗೆ ಬೆಳ್ಳಿಯೆಲ್ಲಿಂದ ಬರಬೇಕು? 16ನೇ ಶತಮಾನದ ಕೊನೆಯಿಂದ ಅವರು ಸೇದಿದ್ದು ಬಿಳಿಯ ಜೇಡಿಮಣ್ಣಿನ ಪೈಪಿನಲ್ಲಿ. ತಂಬಾಕು ತುಟ್ಟಿಯಾಗಿದ್ದ ಮೊದಲ ದಿನಗಳಲ್ಲಿ ಬಟ್ಟಲು ಬೆರಳ ತುದಿಯಷ್ಟು. ಸೊಪ್ಪು ಅಗ್ಗವಾದಂತೆ ಬಟ್ಟಲು ಬೆಳೆಯಿತು. ಸೆವರ್ನ್ ನದಿಯ ಬಳಿಯ ಬ್ರೋಸ್ಲಿ ಎಂಬ ಊರು ಇದಕ್ಕೇ ಹೆಸರಾಗಿತ್ತು. ಅಚ್ಚಿನಿಂದ ಬಂದ ಹಸಿ ಪೈಪಿನ ಅಂಚಿನ ಗೆರೆಯನ್ನು ನಾಜೂಕಾಗಿ ಕೆತ್ತಿ ನುಣುಪು ಮಾಡುವ ಕೆಲಸ ಅಲ್ಲಿಯೂ ಹೆಂಗಸರದೇ. ಈಗ ಅಲ್ಲಿಯ ಕಾರ್ಖಾನೆಯೊಂದು ವಸ್ತುಸಂಗ್ರಹಾಲಯವಾಗಿದೆ. ಸೇಂಟ್ ಕ್ಲೋದ್, ಬ್ರೋಸ್ಲಿಗಳ ಈ ಹೆಂಗಸರ ವಿಷಯ ಓದುವಾಗ ನನಗೆ ನೆನಪಾದದ್ದು ನಮ್ಮ ದಕ್ಷಿಣ ಕನ್ನಡದ ಜಗಲಿಗಳಲ್ಲಿ ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟಿದ ಅಕ್ಕತಂಗಿಯರು. ಹೊಗೆ ಯಾರದೋ, ಧೂಳು ಇವರದು.

ಮಣ್ಣಿನ ಪೈಪು ಮುರಿಯುವುದು ಕಡ್ಡಿ ಮುರಿದಷ್ಟು ಸುಲಭ. ಉದ್ದ ಕೊಳವೆ ಮುರಿದರೆ ಉಳ್ಳವರು ಬಿಸಾಡಿದರು. ಇಲ್ಲದವರು ಮುರಿದ ತುದಿಯನ್ನು ಚಾಕುವಿನಿಂದ ಕೆತ್ತಿ, ಉಜ್ಜಿ, ಮತ್ತೆ ಬಾಯಿಗಿಟ್ಟುಕೊಂಡರು. ಅಮೆರಿಕದ ಹಳೆಯ ವಸಾಹತುಗಳ ಉತ್ಖನನದಲ್ಲಿ ಹೀಗೆ ಕೆತ್ತಿದ ಮೋಟು ಕೊಳವೆಗಳು ಸಿಕ್ಕಿವೆ. ಮಾವನ ಹವ್ಯಾಸಕ್ಕೆ ಅಲ್ಲಿ ಹವ್ಯಾಸವೆಂಬ ಹೆಸರಿರಲಿಲ್ಲ, ನಮ್ಮ ಕೌದಿಯಂತೆಯೇ ಅದೂ ಇಲ್ಲದವರ ಜಾಣತನ.

ಬಿಸಾಡಿದ ಆ ಚೂರುಗಳೇ ಮುಂದೆ ಚರಿತ್ರೆಕಾರರಿಗೆ ಪಂಚಾಂಗವಾದವು. ವರ್ಜೀನಿಯಾದ ಜೇಮ್ಸ್‌ಟೌನಿನಲ್ಲಿ ಅಗೆತ ನಡೆಸಿದ ಜೆ. ಸಿ. ಹ್ಯಾರಿಂಗ್ಟನ್ ಕೊಳವೆಯ ತೂತಿಗೆ ಬಡಗಿಯ ಬೈರಿಗೆ ಅಲಗುಗಳನ್ನು ತೂರಿಸಿ ಅಳೆದರು. ಕಾಲ ಕಳೆದಂತೆ ಕೊಳವೆ ಉದ್ದವಾಗುತ್ತ, ತೂತು ಕಿರಿದಾಗುತ್ತ ಬಂದಿತ್ತು. 17ನೇ ಶತಮಾನದ ಮೊದಲರ್ಧದಲ್ಲಿ ಅಂಗುಲದ 64ರಲ್ಲಿ 8 ಭಾಗವಿದ್ದದ್ದು 18ನೇ ಶತಮಾನದ ಕೊನೆಗೆ 4 ಭಾಗಕ್ಕೆ ಇಳಿದಿತ್ತು. 1954ರಲ್ಲಿ ಅವರು ಇದನ್ನು ಪ್ರಕಟಿಸಿದ ಮೇಲೆ, ಒಂದು ಮನೆಯ ತಿಪ್ಪೆಯಲ್ಲಿ ಸಿಕ್ಕ ನೂರಾರು ಚೂರುಗಳ ತೂತು ಅಳೆದು ಆ ಮನೆಯಲ್ಲಿ ಜನ ಯಾವಾಗ ಬಾಳಿದರೆಂದು ಅಂದಾಜು ಮಾಡುವುದು ರೂಢಿಯಾಯಿತು.

ಓದಿದ್ದು ಓದಾಯಿತು, ನನಗೆ ಇದೆಲ್ಲ ಮನಸ್ಸಿಗೆ ತಾಗಿದ್ದು ಒಂದು ಸಂಜೆ ಮಾವನ ಮನೆಯಲ್ಲಿ. ಹಿಂದಿನ ಬೀದಿಯ ಹಿರಿಯಾಕೆಯೊಬ್ಬರು ಕರವಸ್ತ್ರದಲ್ಲಿ ಸುತ್ತಿದ ಪೈಪೊಂದನ್ನು ತಂದಿದ್ದರು. ಅವರ ಯಜಮಾನರದು. ನಾಲಿಗೆಯ ಮೇಲೆ ಹುಣ್ಣೆಂದು ಶುರುವಾದದ್ದು ಕ್ಯಾನ್ಸರ್ ಎಂದು ತಿಳಿಯುವ ಹೊತ್ತಿಗೆ ಕೈಮೀರಿತ್ತು. ಪೈಪು ಸೇದುವವರ ತುಟಿಯಲ್ಲಿ ಈ ರೋಗ ಹೆಚ್ಚೆಂದು ಜರ್ಮನಿಯ ವೈದ್ಯ ಸೋಮರಿಂಗ್ 1795ರಲ್ಲೇ ಬರೆದಿಟ್ಟಿದ್ದ. ಇನ್ನೂರು ವರ್ಷದ ಹಳೆಯ ಎಚ್ಚರಿಕೆ, ಕೇಳುವವರ ಕಿವಿಗೆ ತಲುಪಬೇಕಷ್ಟೆ.

“ಮಗ ಕೇಳಿದಾನೆ ಮೇಷ್ಟ್ರೇ, ಅಪ್ಪನ ನೆನಪಿಗೆ ಇರಲಿ ಅಂತ. ಚೆನ್ನಾಗಿ ಮಾಡಿಕೊಡಿ” ಎಂದರು. ಮಾವ ತಿರುಗಿಸಿ ನೋಡಿ, “ಅಂಚು ಸರಿಮಾಡ್ತೀನಿ, ಕಿಟ್ಟ ತೆಗೀತೀನಿ. ಇಲ್ಲಿ ಹಲ್ಲಿನ ಗುರುತು ಆಳವಾಗಿದೆ. ಕಾವು ಕೊಟ್ಟರೆ ಸ್ವಲ್ಪ ಏಳುತ್ತೆ, ಉಳಿದದ್ದು ಅರದಲ್ಲಿ ಹೋಗುತ್ತೆ. ತೆಗೀಲೇನಮ್ಮ?” ಎಂದು ಕೇಳಿದರು.

ಆಕೆ ತಕ್ಷಣ ಉತ್ತರ ಕೊಡಲಿಲ್ಲ. ಆಮೇಲೆ, “ವಾಸನೆ ತೆಗೀರಿ. ಅದೊಂದು ನನಗೆ ಬೇಡ. ನಲವತ್ತು ವರ್ಷ ದಿಂಬು, ಪರದೆ, ನನ್ನ ಸೀರೆ, ಎಲ್ಲದರಲ್ಲೂ ಅದೇ ವಾಸನೆ. ಗುರುತು ಇರಲಿ. ಅದು ಅವರ ಎಡಗಡೆ ಹಲ್ಲಿಂದು. ಬಲಗಡೇದು ನಮ್ಮ ಮದುವೆ ಹೊತ್ತಿಗೇ ಬಿದ್ದುಹೋಗಿತ್ತು” ಎಂದರು.

ಮಾವ ಮೂರು ರಾತ್ರಿ ಉಪ್ಪು ಬದಲಿಸಿದರು. ಕೊಳವೆಗೆ ಅರ ಮುಟ್ಟಿಸಲಿಲ್ಲ. ಅಂದಿನಿಂದ ಯಾವ ಪೈಪು ಬಂದರೂ ಮೊದಲು ಅದನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದು, ಎಲ್ಲೆಲ್ಲಿ ಏನು ಗುರುತಿದೆಯೆಂದು ಬರೆದು, ಯಾರ ಮನೆಯದೆಂದು ನಮೂದಿಸಿ ಆಮೇಲೆಯೇ ಕೈಹಾಕುತ್ತಾರೆ.

ಹಲ್ಲಿನ ಗುರುತೆಂದರೆ ಚಿಕ್ಕ ಮಾತಲ್ಲ. ಲಂಡನ್ನಿನ ಹಳೆಯ ಸ್ಮಶಾನಗಳನ್ನು ಅಗೆದಾಗ ಸಿಕ್ಕ ಅಸ್ಥಿಗಳಲ್ಲಿ ಮೇಲಿನ, ಕೆಳಗಿನ ಹಲ್ಲುಗಳು ಸೇರುವಲ್ಲಿ ದುಂಡನೆಯ ಸವಕಲು ಕಂಡುಬಂತು. ದಿನವೂ ಮಣ್ಣಿನ ಕೊಳವೆ ಕಚ್ಚಿ ಸವೆದದ್ದು. ಗಂಡಸರಲ್ಲೇ ಹೆಚ್ಚು ನಿಜ. ಆದರೆ ಹೆಂಗಸರ ಹಲ್ಲುಗಳಲ್ಲಿಯೂ ಇತ್ತು. ಚಿತ್ರಗಳಲ್ಲಿ ಪೈಪು ಹಿಡಿದು ಕೂತವರು ಹೆಚ್ಚಾಗಿ ಗಂಡಸರೇ. ದುಡಿಯುವ ಹೆಂಗಸೂ ಒಂದು ಗಳಿಗೆ ಕೂತು ಸೇದಿದ್ದಳೆಂದು ಹೇಳಲು ಅವಳ ಹಲ್ಲೇ ಬರಬೇಕಾಯಿತು.

ಇನ್ನೊಂದು ಸಂಗತಿಯಂತೂ ನನ್ನನ್ನು ಬಹಳ ದಿನ ಕಾಡಿತು. ಅಮೆರಿಕದ ಮೇರಿಲ್ಯಾಂಡಿನಲ್ಲಿ ಬೆಲ್ವಾ ಎಂಬ ಹಳೆಯ ಜಮೀನ್ದಾರಿ ಎಸ್ಟೇಟು. ಅಲ್ಲಿ ಗುಲಾಮರನ್ನು ಇಟ್ಟಿದ್ದ ಮನೆಯ ತಳಪಾಯವನ್ನು ಅಗೆದಾಗ ಮಣ್ಣಿನ ಪೈಪಿನ ಮುರಿದ ಕೊಳವೆಯೊಂದು ಸಿಕ್ಕಿತು. ಸುಟ್ಟ ಜೇಡಿಮಣ್ಣು ನಮ್ಮ ನೀರಿನ ಹೂಜಿಯಂತೆ ತೇವ ಹೀರುವಂಥದ್ದು. ಸೇದಿದವರ ಎಂಜಲೂ ಅದರಲ್ಲಿ ಇಳಿದಿತ್ತು. ವಿಜ್ಞಾನಿಗಳು ಅದರಿಂದ ಡಿಎನ್‌ಎ ತೆಗೆದರು. 2019ರಲ್ಲಿ ಫಲಿತಾಂಶ ಹೊರಬಂತು. ಸೇದಿದ್ದು ಒಬ್ಬಳು ಹೆಂಗಸು. ಅವಳ ಮೂಲ ಪಶ್ಚಿಮ ಆಫ್ರಿಕ. ಇಂದಿನ ಸಿಯೆರಾ ಲಿಯೋನ್‌ನಲ್ಲಿರುವ ಮೆಂಡೆ ಜನರಿಗೆ ಅವಳ ರಕ್ತ ಬಹಳ ಹತ್ತಿರ.

ಯೋಚಿಸಿ ನೋಡಿ. ಹೆಸರಿಲ್ಲ, ಊರಿಲ್ಲ, ಸಮಾಧಿಗೊಂದು ಕಲ್ಲಿಲ್ಲ. ಗುಲಾಮರ ಪಟ್ಟಿಗಳಲ್ಲಿ ಮನುಷ್ಯರ ಹೆಸರನ್ನು ದನಕರು, ಪೀಠೋಪಕರಣಗಳ ಜೊತೆಯಲ್ಲೇ ಬರೆದಿಡುತ್ತಿದ್ದ ಕಾಲ ಅದು. ಯಾವ ದೇಶದಿಂದ ಹಿಡಿದು ತಂದರೆಂಬುದನ್ನು ಅವರ ಮೊಮ್ಮಕ್ಕಳೂ ತಿಳಿಯದಂತೆ ಅಳಿಸಿಹಾಕಿದ್ದರು. ಅಂಥ ಒಬ್ಬಾಕೆ ಹಗಲಿನ ದುಡಿತ ಮುಗಿಸಿ, ಯಾವುದೋ ಸಂಜೆ ಹೊಸ್ತಿಲಲ್ಲಿ ಕೂತು ಎರಡು ದಮ್ಮು ಎಳೆದಿರಬೇಕು. ಅವಳ ತವರಿನ ವಿಳಾಸವನ್ನು ಯಜಮಾನರ ಲೆಕ್ಕದ ಪುಸ್ತಕ ಉಳಿಸಲಿಲ್ಲ, ಬಾಯಿಗಿಟ್ಟ ಮಣ್ಣಿನ ಚೂರು ಉಳಿಸಿತು. ಯಾರಾದರೂ ಅಚ್ಚುಕಟ್ಟಿನವರು ಆ ಚೂರನ್ನು ಎತ್ತಿ ಉಪ್ಪು ಸ್ಪಿರಿಟ್ಟಿನಲ್ಲಿ ನೆನೆಸಿ, ಉಪ್ಪುಕಾಗದದಿಂದ ಉಜ್ಜಿ ಫಳಫಳ ಮಾಡಿದ್ದರೆ? ಅಷ್ಟರಲ್ಲಿ ಅವಳು ಎರಡನೆಯ ಸಲ ಇಲ್ಲವಾಗುತ್ತಿದ್ದಳು. ಇಂಥ ಪರೀಕ್ಷೆಗೆಂದೇ ಅಗೆದು ತೆಗೆದ ಕೆಲವು ವಸ್ತುಗಳನ್ನು ಈಗ ಪುರಾತತ್ವಜ್ಞರು ತೊಳೆಯದೆ ಇಡುತ್ತಾರೆ.

ಹಾಗೆಂದು ತಿದ್ದುವುದೇ ತಪ್ಪೆಂದು ನಾನು ಹೇಳಲಾರೆ. ಮುರಿದ ಕೊಳವೆಯನ್ನು ಕೆತ್ತಿಕೊಂಡ ಬಡವ ತಪ್ಪು ಮಾಡಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಬ್ರಯರ್ ಹಡಗುಗಳು ನಿಂತುಹೋದಾಗ ಅಮೆರಿಕದವರು ಕ್ಯಾಲಿಫೋರ್ನಿಯಾದ ಮಂಜನೀಟಾ ಗಂಟಿನಲ್ಲಿ ಪೈಪು ಕಡೆದರು. ಇದ್ದದ್ದರಲ್ಲಿ ಹೊಂದಿಸಿಕೊಳ್ಳುವುದೇ ಬದುಕು. ಯಾರದೆಂದು ಗೊತ್ತಿಲ್ಲದೆ ಗುಜರಿಯಲ್ಲಿ ಬಿದ್ದ ಸುಟ್ಟ ಪೈಪಿಗೆ ಮಾವ ಹೊಸ ಆಕಾರ ಕೊಟ್ಟರೆ ಅದು ಪುಣ್ಯದ ಕೆಲಸವೇ. ಆದರೆ ಒಬ್ಬರು ಇದ್ದರೆಂಬುದಕ್ಕೆ ಅದೊಂದೇ ಗುರುತು ಉಳಿದಿರುವಾಗ ಅರವನ್ನು ಕೆಳಗಿಡಬೇಕು. ಕೊಳೆ ಯಾವುದು, ಗುರುತು ಯಾವುದು ಎಂದು ತಿಳಿಯುವುದೇ ಈ ವಿದ್ಯೆಯ ಕಷ್ಟದ ಭಾಗ. ಅದು ಆ ಹಿರಿಯಾಕೆಗೆ ಯಾವ ಪುಸ್ತಕವೂ ಹೇಳಿಕೊಡದೆ ಗೊತ್ತಿತ್ತು.

ಪೈಪು ನಮ್ಮ ಮನೆಗಳ ವಸ್ತುವಲ್ಲ ಎಂದು ನೀವು ಅನ್ನಬಹುದು. ಅಟ್ಟದ ಮೇಲೆ ಕೈಯಾಡಿಸಿ ನೋಡಿ. ತಳ ಸವೆದ ಹಿತ್ತಾಳೆ ಕೊಳದಪ್ಪಲೆ, ಕಂಠ ನೆಗ್ಗಿದ ತಾಮ್ರದ ಬಿಂದಿಗೆ ಇರುತ್ತದೆ. ಅದರ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಹೊಡೆದ ಅಕ್ಷರಗಳು: ಅಜ್ಜಿಯ ಹೆಸರು, ಅವಳ ತವರಿನ ಹೆಸರು, ಮದುವೆಯ ವರ್ಷ. ಆಸ್ತಿಪತ್ರದಲ್ಲಿ ಅವಳ ಹೆಸರಿಲ್ಲ. ಮನೆಯ ಮುಂದಿನ ಕಲ್ಲಿನಲ್ಲಿ ತಾತನ ಹೆಸರಿದೆ. ಪಾತ್ರೆ ಅಂಗಡಿಯವನು ತಕ್ಕಡಿಗೆ ಹಾಕಿ, ತೂಕಕ್ಕೆ ಬೆಲೆ ಕಟ್ಟಿ, ಬದಲಿಗೆ ಹೊಳೆಯುವ ಸ್ಟೀಲಿನ ಡಬ್ಬಿ ಕೊಡುತ್ತಾನೆ. ಅಕ್ಷರಗಳಿಗೆ ಅವನ ತಕ್ಕಡಿಯಲ್ಲಿ ತೂಕವಿಲ್ಲ.

ಕೊಡಬೇಕಾಗಿ ಬಂದರೆ ಕೊಡಿ. ಮನೆ ಚಿಕ್ಕದು, ಅಟ್ಟ ತುಂಬಿದೆ, ಎಲ್ಲವನ್ನೂ ಇಟ್ಟುಕೊಳ್ಳಲಾಗದು. ಕೊಡುವ ಮೊದಲು ಒಂದು ಕಾಗದ ಹಿಡಿದು ಆ ಹೆಸರನ್ನು, ಊರನ್ನು, ವರ್ಷವನ್ನು ಬರೆದಿಟ್ಟುಕೊಳ್ಳಿ.